ಕಡಲಿನ ಒಡಲಿಗೆ ಒಂದು ಕಣ್ಣು, ಒಂದು ದೀಪ

ಸಮುದ್ರವನ್ನು ರತ್ನಾಕರನೆಂದು ಕರೆಯುವುದು ನಮ್ಮಲ್ಲಿ ಬಹು ಹಳೆಯ ವಾಡಿಕೆ. ಆದರೆ ಆ ರತ್ನಗಳ ನೆರೆಯಲ್ಲಿ ನಡೆಯುವ ಬದುಕು ಹೇಗಿದೆ ಎಂಬುದನ್ನು ದಡದ ಮೇಲೆ ನಿಂತವರು ಬಹುಕಾಲ ಊಹಿಸಿಕೊಂಡೇ ತೃಪ್ತರಾಗಬೇಕಾಯಿತು. ಮುತ್ತಿಗಾಗಿ ಮುಳುಗಿದವನು ಮುತ್ತನ್ನು ಮೇಲಕ್ಕೆ ತರುತ್ತಿದ್ದ. ತಾನು ಕಂಡ ನೋಟವನ್ನು ತರುವುದು ಅವನಿಂದ ಆಗದ ಕೆಲಸ. ಆ ನೋಟವನ್ನೂ ಮೇಲಕ್ಕೆ ತರುವ ಉಪಾಯ ಮನುಷ್ಯನಿಗೆ ದೊರೆತು ಈಗ ಸುಮಾರು ೧೩೦ ವರ್ಷಗಳಾದುವು. ಇಂದು ಸ್ಕೂಬಾ ಕಲಿತ ಹವ್ಯಾಸಿಯೂ ತನ್ನ ಕ್ಯಾಮೆರಾಕ್ಕೆ ನೀರು ಸೋಕದಂತಹ ಕವಚವನ್ನೂ, ಅದರ ಜೊತೆಗೆ ಸ್ಟ್ರೋಬ್ ಎಂಬ ಮಿಂಚುದೀಪವನ್ನೂ ಕೊಳ್ಳಲು ಹೊರಡುತ್ತಾನೆ. ಹಲವು ಬಗೆಯ ಸಾಮಗ್ರಿ ಅವನ ಮುಂದಿರುತ್ತದೆ. ಬೆಲೆಯೂ ಅಲ್ಪವಲ್ಲ, ಎಷ್ಟೋ ವೇಳೆ ಕವಚದ ಬೆಲೆ ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ. ಯಾವುದನ್ನು ಆರಿಸಬೇಕು? ಈ ಪ್ರಶ್ನೆಗೆ ಉತ್ತರ ಬೆಲೆಪಟ್ಟಿಯಲ್ಲಿ ದೊರೆಯಲಾರದು. ನೀರಿನ ಸ್ವಭಾವವನ್ನು ತಿಳಿದವನಿಗೆ ಅದು ತಾನಾಗಿಯೇ ಹೊಳೆಯುತ್ತದೆ.

ಈ ಪ್ರಶ್ನೆಯನ್ನು ಮೊದಲು ಎದುರಿಸಿದವರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಲೂಯಿ ಬೂತಾಂ ಮುಖ್ಯನಾದವನು. ಮೆಡಿಟರೇನಿಯನ್ ತೀರದ ಬಾನ್ಯುಲ್ಸ್ ಎಂಬಲ್ಲಿನ ಪ್ರಯೋಗಾಲಯದಲ್ಲಿದ್ದ ಆತ, ಕಡಲಡಿಯಲ್ಲಿ ತಾನು ಕಂಡುದನ್ನು ಮಾತಿನಲ್ಲಿ ವರ್ಣಿಸಿ ಸಾಲದೆ, ೧೮೯೩ರಲ್ಲಿ ಛಾಯಾಚಿತ್ರದ ಕಡೆಗೆ ತಿರುಗಿದ. ಎಂಜಿನಿಯರನಾಗಿದ್ದ ತಮ್ಮನೋ ಅಣ್ಣನೋ, ಒಡಹುಟ್ಟಿದ ಓಗ್ಯುಸ್ತ್ ಅವನಿಗಾಗಿ ಕ್ಯಾಮೆರಾವನ್ನು ಒಳಗಿಟ್ಟು ಮುಚ್ಚುವ ಜಲನಿರೋಧಕ ಪೆಟ್ಟಿಗೆಯನ್ನು ರೂಪಿಸಿಕೊಟ್ಟ. ಪೆಟ್ಟಿಗೆಯೇನೋ ಸಿದ್ಧವಾಯಿತು, ಬೆಳಕಿನ ತೊಡಕು ಉಳಿಯಿತು. ಒಂದೊಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಕ್ಯಾಮೆರಾದ ಕಣ್ಣು ತೆರೆದಿರಬೇಕಾದ ಸಂದರ್ಭಗಳಿದ್ದುವು. ಅಷ್ಟು ಹೊತ್ತು ಯಾವ ಮೀನು ಅಲುಗದೆ ನಿಂತೀತು? ಆದುದರಿಂದ ಒಂದು ಪೀಪಾಯಿಯ ಮೇಲೆ ಗಾಜಿನ ಮುಚ್ಚಳದೊಳಗೆ ಆಲ್ಕೋಹಾಲಿನ ದೀಪವನ್ನಿರಿಸಿ, ಅದರ ಜ್ವಾಲೆಯ ಮೇಲೆ ಮೆಗ್ನೀಸಿಯಂ ಪುಡಿಯನ್ನು ಊದಿ, ನೀರಿನೊಳಗೇ ಮಿಂಚನ್ನು ಹುಟ್ಟಿಸುವ ಸಾಹಸ ನಡೆಯಿತು. ೧೮೯೯ರ ಹೊತ್ತಿಗೆ ಆತ ವಿದ್ಯುತ್ ದೀಪಗಳನ್ನೇ ನೀರಿಗಿಳಿಸಿದ. ಮರುವರ್ಷ ತನ್ನ ಅನುಭವವನ್ನೆಲ್ಲ ಗ್ರಂಥವಾಗಿ ಪ್ರಕಟಿಸಿದ.

ವರ್ಣಚಿತ್ರದ ಕಥೆ ಇನ್ನೂ ಅಪಾಯದ್ದು. ೧೯೨೬ರಲ್ಲಿ ಅಮೆರಿಕದ ಫ್ಲಾರಿಡಾದಾಚೆಯ ಡ್ರೈ ಟೋರ್ಟೂಗಾಸ್ ದ್ವೀಪಗಳ ಬಳಿ ವಿಜ್ಞಾನಿ ವಿಲಿಯಂ ಲಾಂಗ್ಲೆಯೂ ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ನನೂ ಹಾಗ್‌ಫಿಶ್ ಎಂಬ ಮೀನಿನ ವರ್ಣಚಿತ್ರವನ್ನು ನೀರಿನಡಿಯಲ್ಲಿ ತೆಗೆದರು. ಆ ಕಾಲದ ಬಣ್ಣದ ತಟ್ಟೆಗಳು ಬೆಳಕಿಗೆ ಬಹಳ ಮಂದ. ಅದಕ್ಕಾಗಿ ತೆಪ್ಪವೊಂದರ ಮೇಲೆ ರಾಶಿ ರಾಶಿಯಾಗಿ ಮೆಗ್ನೀಸಿಯಂ ಪುಡಿಯನ್ನು ಸುರಿದು ಸಿಡಿಸಬೇಕಾಗಿತ್ತು. ಒಮ್ಮೆ ಪುಡಿ ಅಕಾಲದಲ್ಲಿ ಹೊತ್ತಿಕೊಂಡು ಲಾಂಗ್ಲೆಗೆ ಸುಟ್ಟ ಗಾಯಗಳಾದುವು. ಒಂದು ಮೀನಿನ ಬಣ್ಣಕ್ಕೆ ಮನುಷ್ಯನು ತೆತ್ತ ಬೆಲೆ ಇದು.

ಇಷ್ಟೆಲ್ಲ ಕಷ್ಟವೇಕೆ? ನೀರು ಬೆಳಕನ್ನು ನುಂಗುತ್ತದೆ. ಅದೂ ಪಕ್ಷಪಾತದಿಂದ ನುಂಗುತ್ತದೆ. ತಿಳಿಯಾದ ಕಡಲಿನಲ್ಲಿಯೂ ೫–೬ ಮೀಟರು ಇಳಿಯುವುದರೊಳಗೆ ಕೆಂಪಿನ ಬಹುಭಾಗ ಕಾಣೆಯಾಗುತ್ತದೆ. ಅದರ ಹಿಂದೆ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ನೀಲಿ ಮತ್ತು ಹಸಿರು. ೨೦ ಮೀಟರಿನ ಆಳದಲ್ಲಿ ಬೆರಳಿಗೆ ಗಾಯವಾದರೆ ಒಸರುವ ರಕ್ತವೂ ಕಪ್ಪು ಹಸಿರಾಗಿ ಕಾಣುತ್ತದೆ. ಆದುದರಿಂದ ಬಣ್ಣ ಬೇಕೆನ್ನುವವನು ಮೇಲಿನಿಂದ ಬಿಳಿಯ ಬೆಳಕನ್ನು ತನ್ನೊಂದಿಗೆ ಒಯ್ಯಬೇಕು. ಒಯ್ದ ಬೆಳಕನ್ನೂ ನೀರು ಬಿಡುವುದಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಮೀನು ೨ ಮೀಟರು ದೂರದಲ್ಲಿದ್ದರೆ ದೀಪದಿಂದ ಮೀನಿಗೆ ೨ ಮೀಟರು, ಮೀನಿನಿಂದ ಕ್ಯಾಮೆರಾಕ್ಕೆ ಮತ್ತೆ ೨ ಮೀಟರು. ಹೀಗೆ ಬೆಳಕು ೪ ಮೀಟರು ನೀರನ್ನು ದಾಟಬೇಕು. ಅಷ್ಟರಲ್ಲಿ ಅದರ ಕೆಂಪು ಸೋರಿಹೋಗಿರುತ್ತದೆ. ಒಂದು ಮೀಟರಿನ ಆಸುಪಾಸಿನಲ್ಲಿರುವುದನ್ನು ಮಾತ್ರ ಸ್ಟ್ರೋಬ್ ನಿಜವಾಗಿ ಬೆಳಗಿಸಬಲ್ಲದು. ಎಷ್ಟು ಪ್ರಬಲವಾದ ದೀಪವನ್ನು ಕೊಂಡರೂ ದೂರದ ತಿಮಿಂಗಿಲಕ್ಕೆ ಅದರಿಂದ ಬಣ್ಣ ಬಾರದು. ಹತ್ತಿರ ಹೋಗುವುದೊಂದೇ ದಾರಿ.

ಮೆಗ್ನೀಸಿಯಂ ಪುಡಿಯ ಕಾಲವನ್ನು ಕೊನೆಗಾಣಿಸಿದ ಸ್ಟ್ರೋಬ್ ದೀಪವನ್ನು ಬೆಳೆಸಿದವರಲ್ಲಿ ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ಹೆರಾಲ್ಡ್ ಎಡ್ಜರ್ಟನ್ ಅಗ್ರಗಣ್ಯ. ವಿದ್ಯುತ್ತನ್ನು ಕೂಡಿಟ್ಟು, ಅನಿಲ ತುಂಬಿದ ಗಾಜಿನ ನಳಿಗೆಯಲ್ಲಿ ಒಮ್ಮೆಲೆ ಹರಿಯಬಿಟ್ಟರೆ ಕ್ಷಣಾರ್ಧಕ್ಕಿಂತಲೂ ಎಷ್ಟೋ ಕಿರಿದಾದ ಅವಧಿಯ ಮಿಂಚು ಹೊಮ್ಮುತ್ತದೆ. ೧೯೫೩ರಿಂದ ಆತ ಕಡಲ ಶೋಧಕ ಕುಸ್ತೊವಿನ ಜೊತೆಗೂಡಿ ಕೆಲಸಮಾಡಿದ. ಹಡಗಿನವರು ಅವನನ್ನು ‘ಪಾಪಾ ಫ್ಲ್ಯಾಶ್’ ಎಂದು ಅಕ್ಕರೆಯಿಂದ ಕರೆಯುತ್ತಿದ್ದರು. ಇಂದಿನ ಹವ್ಯಾಸಿ ಸ್ಟ್ರೋಬನ್ನು ಆರಿಸುವಾಗ ನೋಡತಕ್ಕ ಅಂಶಗಳು ಕೆಲವುಂಟು: ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ, ಒಂದು ಮಿಂಚಿನ ಬಳಿಕ ಮುಂದಿನ ಮಿಂಚಿಗೆ ಎಷ್ಟು ಹೊತ್ತು ಕಾಯಬೇಕು, ಶಕ್ತಿಯನ್ನು ಕೈಯಿಂದ ಹೆಚ್ಚು ಕಡಿಮೆ ಮಾಡಲು ಬರುತ್ತದೆಯೆ ಎಂಬಿವು. ಕ್ಯಾಮೆರಾದೊಡನೆ ಸ್ಟ್ರೋಬನ್ನು ಕೂಡಿಸಲು ತಾಮ್ರದ ತಂತಿಯೂ ಆಗಬಹುದು, ಬೆಳಕನ್ನೇ ಸಾಗಿಸುವ ಗಾಜಿನೆಳೆಯ ತಂತಿಯೂ ಆಗಬಹುದು. ಎರಡನೆಯದಕ್ಕೆ ಕವಚದಲ್ಲಿ ರಂಧ್ರ ಬೇಡವಾದುದರಿಂದ ನೀರು ನುಗ್ಗುವ ಬಾಗಿಲೊಂದು ಕಡಿಮೆಯಾಗುತ್ತದೆ.

ದೀಪವನ್ನು ಎಲ್ಲಿಡಬೇಕೆಂಬುದು ದೀಪದಷ್ಟೇ ಮುಖ್ಯ. ಸಮುದ್ರದ ನೀರಿನಲ್ಲಿ ಸೂಕ್ಷ್ಮ ಜೀವಿಗಳೂ ಮಣ್ಣಿನ ಕಣಗಳೂ ತೇಲುತ್ತಿರುತ್ತವೆ. ಕ್ಯಾಮೆರಾದ ಪಕ್ಕದಿಂದಲೇ ಬೆಳಕು ಚಿಮ್ಮಿದರೆ ಈ ಕಣಗಳೆಲ್ಲ ಹೊಳೆದು, ಚಿತ್ರದಲ್ಲಿ ಹಿಮ ಸುರಿದಂತೆ ತೋರುತ್ತದೆ. ಮಂಜಿನಲ್ಲಿ ವಾಹನದ ದೀಪ ಹೊತ್ತಿಸಿದವರಿಗೆ ಇದರ ಅನುಭವವುಂಟು. ಅದಕ್ಕಾಗಿ ಸ್ಟ್ರೋಬ್‌ಗಳನ್ನು ಉದ್ದವಾದ, ಮಡಿಸಲು ಬರುವ ತೋಳುಗಳ ತುದಿಯಲ್ಲಿ ಎರಡು ಪಕ್ಕಕ್ಕೂ ದೂರವಾಗಿ ಚಾಚಿ, ಮುಖವನ್ನು ಸ್ವಲ್ಪ ಹೊರಕ್ಕೆ ತಿರುಗಿಸುತ್ತಾರೆ. ಎರಡು ಕೊಳ್ಳಲು ಹಣವಿಲ್ಲದಿದ್ದರೆ, ಒಳ್ಳೆಯದೊಂದನ್ನು ಉದ್ದನೆಯ ತೋಳಿನೊಂದಿಗೆ ಕೊಳ್ಳುವುದು ಕ್ಷೇಮ.

ಇನ್ನು ಕವಚದ ಮಾತು. ಪ್ರತಿ ೧೦ ಮೀಟರು ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ೩೦ ಮೀಟರಿನಲ್ಲಿ ಕವಚದ ಪ್ರತಿಯೊಂದು ಚದರ ಸೆಂಟಿಮೀಟರನ್ನೂ ಒಳಗಿನ ಗಾಳಿಗಿಂತ ಸುಮಾರು ೩ ಕಿಲೋಗ್ರಾಂ ಹೆಚ್ಚಿನ ಭಾರ ಅಮುಕುತ್ತಿರುತ್ತದೆ. ಕವಚದ ಹಿಂಬದಿ ೨೦ ಸೆಂಟಿಮೀಟರ್ ಚೌಕವಾಗಿದ್ದರೆ ಅದರ ಮೇಲೆ ಬೀಳುವ ಒಟ್ಟು ಭಾರ ಸುಮಾರು ೧,೨೦೦ ಕಿಲೋಗ್ರಾಂ! ಅದನ್ನು ತಡೆಯಲು ಎರಡು ಬಗೆಯ ಕವಚಗಳುಂಟು. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದು ಅಗ್ಗ. ಪಾರದರ್ಶಕವಾಗಿದ್ದರೆ ಒಳಗೆ ನೀರು ಜಿನುಗಿದ್ದು ಕೂಡಲೇ ಕಾಣುತ್ತದೆ. ಆದರೆ ಕ್ಯಾಮೆರಾದ ಶಾಖವನ್ನು ಹೊರಬಿಡದುದರಿಂದ ಗಾಜಿನ ಒಳಮೈಗೆ ಮಂಜು ಕಟ್ಟುವುದು ಹೆಚ್ಚು. ಅಲ್ಯೂಮಿನಿಯಮ್ಮಿನದು ದುಬಾರಿ, ದಡದಲ್ಲಿ ಭಾರ. ಆದರೆ ಗಟ್ಟಿ, ಹೆಚ್ಚಿನ ಆಳಕ್ಕೂ ತಾಳುವಂತಹುದು. ಹವ್ಯಾಸಿಗಳು ಸಾಮಾನ್ಯವಾಗಿ ೪೦ ಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ. ಮೊದಲ ವರ್ಷದ ಅಭ್ಯಾಸಿಗೆ ಪ್ಲಾಸ್ಟಿಕ್ಕಿನದೇ ಧಾರಾಳವಾಗಿ ಸಾಕು.

ಆದರೆ ಈ ಇಡೀ ವ್ಯವಸ್ಥೆಯ ಪ್ರಾಣವಿರುವುದು ಓ-ರಿಂಗ್ ಎಂಬ ರಬ್ಬರಿನ ಬಳೆಯಲ್ಲಿ. ಆಳಕ್ಕೆ ಹೋದಂತೆ ನೀರಿನ ಒತ್ತಡವೇ ಅದನ್ನು ಬಿಗಿಗೊಳಿಸುತ್ತದೆ. ಆದುದರಿಂದ ನೀರು ನುಗ್ಗುವ ಭಯ ಎಷ್ಟೋ ವೇಳೆ ಮೊದಲ ಒಂದೆರಡು ಮೀಟರುಗಳಲ್ಲಿಯೇ ಹೆಚ್ಚು. ಒಂದು ತಲೆಗೂದಲು, ಒಂದು ಮರಳಿನ ಕಣ ಅದರಡಿಯಲ್ಲಿ ಸಿಕ್ಕಿಕೊಂಡರೂ ಸಾವಿರಾರು ರೂಪಾಯಿಯ ಉಪಕರಣ ಉಪ್ಪುನೀರಿನ ಪಾಲು. ಬಳೆಯನ್ನು ಒರಸಿ, ತಯಾರಕರು ಹೇಳಿದ ಜಿಡ್ಡನ್ನೇ ತೆಳುವಾಗಿ ಸವರಬೇಕು. ಹೊಸ ಕವಚವನ್ನು ಮೊದಲ ಸಲ ಬರಿದಾಗಿಯೇ ನೀರಿಗಿಳಿಸಿ, ಒಳಗಿಟ್ಟ ಕಾಗದ ಒದ್ದೆಯಾಗಿಲ್ಲವೆಂದು ನೋಡಿದ ಮೇಲೆ ಕ್ಯಾಮೆರಾವನ್ನು ಇಡುವುದು ಜಾಣತನ. ಕೆಲವು ಕವಚಗಳಲ್ಲಿ ಪುಟ್ಟ ಪಂಪಿನಿಂದ ಒಳಗಿನ ಗಾಳಿಯನ್ನು ಸ್ವಲ್ಪ ಹೊರಗೆಳೆದು, ಒತ್ತಡ ಹಾಗೆಯೇ ನಿಲ್ಲುತ್ತದೆಯೆ ಎಂದು ದಡದಲ್ಲೇ ಪರೀಕ್ಷಿಸುವ ಏರ್ಪಾಡು ಇರುತ್ತದೆ. ಅದಕ್ಕೆ ತೆತ್ತ ಹಣ ಎಂದಿಗೂ ವ್ಯರ್ಥವಲ್ಲ.

ಕವಚದ ಮುಂಬದಿಯ ಗಾಜನ್ನು ಪೋರ್ಟ್ ಎನ್ನುತ್ತಾರೆ. ಚಪ್ಪಟೆ ಗಾಜಾದರೆ ವಕ್ರೀಭವನದಿಂದಾಗಿ ೪ ಮೀಟರು ದೂರದ ವಸ್ತು ೩ ಮೀಟರಿನಲ್ಲಿದ್ದಂತೆ ಹಿಗ್ಗಿ ಕಾಣುತ್ತದೆ. ನೋಟದ ಹರವು ಕುಗ್ಗುತ್ತದೆ. ಕಡಲಕುದುರೆಯಂತಹ ಕಿರುಜೀವಿಗಳ ಚಿತ್ರಕ್ಕೆ ಇದು ಅನುಕೂಲ. ಹವಳದ ದಿಬ್ಬದ ವಿಸ್ತಾರವನ್ನು ಹಿಡಿಯಬೇಕೆಂಬವನಿಗೆ ಗುಮ್ಮಟದಾಕಾರದ ಡೋಮ್ ಪೋರ್ಟ್ ಬೇಕು. ಅದು ಅಗಲ ನೋಟದ ಲೆನ್ಸಿನ ಹರವನ್ನು ಉಳಿಸುತ್ತದೆ. ಅದರ ವಿಚಿತ್ರವೇನೆಂದರೆ, ಅನಂತ ದೂರದ ವಸ್ತುವೂ ಗುಮ್ಮಟದ ತ್ರಿಜ್ಯದ ಸುಮಾರು ಮೂರರಷ್ಟು ದೂರದಲ್ಲಿ, ಎಂದರೆ ೧೦ ಸೆಂಟಿಮೀಟರ್ ತ್ರಿಜ್ಯಕ್ಕೆ ೩೦ ಸೆಂಟಿಮೀಟರಿನಷ್ಟು ಹತ್ತಿರದಲ್ಲಿ, ಇರುವಂತೆ ಲೆನ್ಸಿಗೆ ತೋರುತ್ತದೆ. ಅಷ್ಟು ಸಮೀಪಕ್ಕೆ ನೋಟ ನೆಡಲಾರದ ಲೆನ್ಸು ಅಲ್ಲಿ ಕುರುಡು. ಹೀಗೆ ಏನನ್ನು ನೋಡಬೇಕೆಂಬ ಆಸೆಯಿಂದ ಗಾಜು, ಗಾಜಿನಿಂದ ಲೆನ್ಸು, ಲೆನ್ಸಿನ ಹರವಿನಿಂದ ದೀಪಗಳ ಸಂಖ್ಯೆ ನಿರ್ಧಾರವಾಗುತ್ತವೆ.

ನಮ್ಮ ಕನ್ನಡ ಕರಾವಳಿಯಲ್ಲಿ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಮಳೆಗಾಲ ಕಳೆದ ಮೇಲೆ ಹಲವರು ಸ್ಕೂಬಾ ಕಲಿಯುತ್ತಾರೆ. ಕರಾವಳಿಯ ನೀರು ದಿನವೂ ಒಂದೇ ತಿಳಿಯಾಗಿರುವುದಿಲ್ಲ. ಕಣಗಳು ತುಂಬಿದ ದಿನ ಅಗಲ ನೋಟದ ಆಸೆ ಬಿಟ್ಟು, ಬಂಡೆಯ ಸಂದಿನ ಕಿರುಜೀವಿಯ ಬಳಿ ಸಾರುವುದೇ ಮೇಲು. ಆದರೆ ಹತ್ತಿರ ಹೋಗುವ ಹಕ್ಕು, ನೀರಿನಲ್ಲಿ ತೂಕ ತಪ್ಪದೆ ನಿಲ್ಲಲು ಕಲಿತವನಿಗೆ ಮಾತ್ರ. ಎರಡು ದೀಪ, ಎರಡು ತೋಳು, ಒಂದು ಕವಚವನ್ನು ಹಿಡಿದು ತೊನೆದಾಡುವವನ ಕಾಲು ತಗಲಿದರೆ ವರ್ಷಗಟ್ಟಲೆ ಬೆಳೆದ ಹವಳ ಕ್ಷಣದಲ್ಲಿ ಮುರಿಯುತ್ತದೆ. ಅದರ ಚಿತ್ರಕ್ಕಾಗಿ ಅದನ್ನೇ ಮುರಿಯುವುದು ಯಾವ ಕಲೆ? ಮೊದಲ ಖರ್ಚು ಮುಳುಗುವ ಶಿಕ್ಷಣಕ್ಕೆ, ಎರಡನೆಯದು ಕವಚಕ್ಕೆ, ಮೂರನೆಯದು ದೀಪಕ್ಕೆ. ಹೊಸ ಕ್ಯಾಮೆರಾದ ಮಾತು ಕಟ್ಟಕಡೆಗೆ.

ಇಷ್ಟಾದ ಮೇಲೆ ಸಾಹಿತ್ಯಪ್ರಿಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು. ಹವಳದ ಗುಹೆಗಳ ನೆರಳಿನಲ್ಲಿ ಹಗಲನ್ನು ಕಳೆಯುವ ಕೆಲವು ಮೀನುಗಳ ಮೈ ಕಡುಗೆಂಪು. ಕೆಂಪು ಬೆಳಕು ತಲಪದ ಆ ತಾಣದಲ್ಲಿ ಅವು ಮಂಕಾಗಿ, ಕತ್ತಲೆಯಲ್ಲಿ ಬೆರೆತು ಕಾಣುತ್ತವೆ. ಆ ಕೆಂಪೇ ಅವುಗಳ ಮರೆಯ ಹೊದಿಕೆ. ಸ್ಟ್ರೋಬ್ ಮಿಂಚಿದಾಗ ಮಾತ್ರ ಅವು ಕೆಂಡದಂತೆ ಬೆಳಗುತ್ತವೆ. ಹಾಗಾದರೆ ಚಿತ್ರ ಸುಳ್ಳೆ? ಸುಳ್ಳಲ್ಲ; ಬಣ್ಣ ಮೀನಿನದೇ, ಬೆಳಕು ಮಾತ್ರ ನಮ್ಮದು. ಮಿಂಚಿಲ್ಲದ ನೀಲಿಯ ಚಿತ್ರ ಮುಳುಗಿದವನು ಕಂಡ ಸತ್ಯ. ಮಿಂಚಿನ ಚಿತ್ರ ಅವನ ಕಣ್ಣಿಗೂ ಎಟುಕದೆ ಉಳಿದ ಸತ್ಯ. ಪಳಗಿದವರು ಎರಡನ್ನೂ ಒಂದೇ ಚಿತ್ರದಲ್ಲಿ ಹೊಂದಿಸುತ್ತಾರೆ: ಕ್ಯಾಮೆರಾದ ಕಣ್ಣನ್ನು ಕೊಂಚ ಹೆಚ್ಚು ಹೊತ್ತು ತೆರೆದಿಟ್ಟು ಹಿನ್ನೆಲೆಯ ನೀಲಿಯನ್ನು ಕಡಲಿನ ಬೆಳಕಿನಿಂದಲೇ ಮೂಡಿಸಿ, ದೀಪದ ಶಕ್ತಿಯನ್ನು ತಗ್ಗಿಸಿ ಎದುರಿನ ಮೀನಿಗೆ ಸಾಕಾಗುವಷ್ಟನ್ನೇ ಚೆಲ್ಲುತ್ತಾರೆ. ಕಡಲು ಕಡಲಾಗಿಯೇ ಉಳಿದು ಮೀನು ತನ್ನ ಬಣ್ಣದಲ್ಲಿ ತೋರುವಂತಹ ಈ ಹದವನ್ನು ಸಾಧಿಸಲು ಬಿಡುವ ಕವಚ, ದೀಪಗಳನ್ನೇ ಒಳ್ಳೆಯ ಆಯ್ಕೆಯೆಂದು ತಿಳಿಯಬೇಕು.