ಹೊಸ ಮಾಸ್ತರರ ಮಾತು

ವರ್ಷಕ್ಕೆ ಕೆಲವು ವಾರ ನಮ್ಮ ಪ್ರಾಥಮಿಕ ಶಾಲೆಗಳಿಗೆ ಪಾಠಟಿಪ್ಪಣಿಯ ಪುಸ್ತಕವನ್ನು ಎದೆಗವಚಿಕೊಂಡು ಹೊಸ ಮಾಸ್ತರರು ಬಂದು ಹೋಗುವುದನ್ನು ವಿದ್ಯಾರ್ಥಿಗಳು ಕಂಡಿರುತ್ತಾರೆ. ಇವರು ಅಧ್ಯಾಪಕ ತರಬೇತಿನಲ್ಲಿರುವವರು. ಟಿಪ್ಪಣಿ ಬರೆಯುವ ಕ್ರಮ ಇವರಿಗೆ ಬೇಗನೆ ಕೈವಶವಾಗುತ್ತದೆ. ಮಕ್ಕಳೊಡನೆ ಮಾತನಾಡುವ ಕ್ರಮಕ್ಕೆ ಬಹುಕಾಲ ಹಿಡಿಯುತ್ತದೆ. ಮಾತು ಬಾರದವರು ಯಾರಿದ್ದಾರೆ ಎಂದು ಪಾಲಕರು ಕೇಳಬಹುದು. ನಮ್ಮ ಅನುಭವವನ್ನೇ ಹೇಳುತ್ತೇವೆ.

ಕಾಸರಗೋಡಿನ ಕಡೆಯ ಒಂದು ಕನ್ನಡ ಶಾಲೆಯಲ್ಲಿ ನಮ್ಮ ಮೊದಲ ಅಭ್ಯಾಸಪಾಠ. ಎರಡನೆಯ ತರಗತಿ. “ಮನೆಯಲ್ಲಿರುವ ವಸ್ತುಗಳ ಪಟ್ಟಿ ಮಾಡೋಣ” ಎಂದೆವು. ಹಿಂದಿನ ಸಾಲಿನ ಮೂವರು ಕಿಸಕ್ಕನೆ ನಕ್ಕರು. ಗದರಿಸಿದೆವು. ಆಮೇಲೆ ಗಂಟೆ ಹೊಡೆಯುವವರೆಗೆ ಯಾರೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಹಿರಿಯ ಅಧ್ಯಾಪಕಿಯೊಬ್ಬರು, “ಆ ಮಕ್ಕಳ ಮನೆಮಾತು ಮಲೆಯಾಳ. ಅದರಲ್ಲಿ ಪಟ್ಟಿ ಎಂದರೆ ನಾಯಿ. ನಗದೆ ಏನು ಮಾಡಿಯಾರು?” ಎಂದರು. ನಮಗೆ ತಲೆ ತಗ್ಗಿತು.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮೊದಲೂ, ಅನಂತರವೂ ಹಲವು ನುಡಿಗಳ ನೆಲ. ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ ಆಡುವ ಮನೆಗಳ ಮಕ್ಕಳು ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ಕೂಡುತ್ತಾರೆ. ತುಳುವಿನಲ್ಲಿ ‘ಇಲ್ಲ್’ ಎಂದರೆ ಮನೆ, ‘ಬಲೆ’ ಎಂದರೆ ಬನ್ನಿರಿ. ಇಂತಹ ಮಾತುಗಳನ್ನು ಅರಿಯದ ಅಧ್ಯಾಪಕನಿಗೆ ಮಗು ಮಂದವಾಗಿ ತೋರುತ್ತದೆ. ಮಗುವಿಗೋ, ಶಾಲೆಯೇ ಪರರ ಮನೆಯಾಗಿ ತೋರುತ್ತದೆ. ಮೊದಲ ವರ್ಷ ಮುಚ್ಚಿದ ಬಾಯಿ ಮುಂದೆಯೂ ಸುಲಭವಾಗಿ ತೆರೆಯದು. ಮಗು “ಪುಚ್ಚೆ ಹಾಲು ಕುಡಿಯಿತು” ಎಂದರೆ ತಪ್ಪೆಂದು ತಡೆಯಬೇಕಾಗಿಲ್ಲ. “ಹೌದು, ಬೆಕ್ಕು ಹಾಲು ಕುಡಿಯಿತು, ಆಮೇಲೆ?” ಎಂದರೆ ಸಾಕು. ಕನ್ನಡದ ಮಾತೂ ಕಿವಿಗೆ ಬಿತ್ತು, ಕಥೆಯೂ ನಿಲ್ಲಲಿಲ್ಲ.

ಇನ್ನೊಂದು ವಿಷಯ ಮೌನದ್ದು. ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಎಷ್ಟು ಹೊತ್ತು ಕಾಯುತ್ತಾರೆಂಬುದನ್ನು ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ ತರಗತಿಗಳ ಧ್ವನಿಮುದ್ರಣದಿಂದ ಅಳೆದರು. ಸಾಮಾನ್ಯವಾಗಿ ಸುಮಾರು 1 ಸೆಕೆಂಡು ಮಾತ್ರ! 1970ರ ದಶಕದಲ್ಲಿ ಅವರು ಪ್ರಕಟಿಸಿದ ಬರಹಗಳಂತೆ, 3 ಸೆಕೆಂಡು ಅಥವಾ ಹೆಚ್ಚು ಕಾದಲ್ಲಿ ಉತ್ತರಗಳು ಉದ್ದವಾದವು. ಸುಮ್ಮನಿರುತ್ತಿದ್ದ ಮಕ್ಕಳೂ ಮಾತನಾಡತೊಡಗಿದರು. ಮನೆಮಾತು ಬೇರೆಯಾದ ಮಗುವಿಗೆ ಕೆಲಸ ಎರಡು: ಮೊದಲು ಉತ್ತರವನ್ನು ಹುಡುಕಬೇಕು, ಬಳಿಕ ಅದಕ್ಕೆ ಕನ್ನಡದ ಮಾತನ್ನು ಹುಡುಕಬೇಕು. ಆದುದರಿಂದ ನಾವು ಮನಸ್ಸಿನಲ್ಲೇ ಐದರವರೆಗೆ ಎಣಿಸುವುದನ್ನು ರೂಢಿಸಿಕೊಂಡೆವು. ಮೇಲ್ವಿಚಾರಕರು ಹಿಂದೆ ಕುಳಿತಿರುವಾಗ ಆ ಐದು ಎಣಿಕೆ ಐದು ಗಳಿಗೆಯಂತೆ ತೋರುವುದುಂಟು!

ಧ್ವನಿಯ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಕೂಗಿದರೆ ಮಕ್ಕಳೂ ಕೂಗುತ್ತಾರೆ. ಕರಿಹಲಗೆಗೆ ಮುಖಮಾಡಿ ಆಡಿದ ಮಾತು ಹಲಗೆಗೇ ಸಲ್ಲುತ್ತದೆ. ಒಂದೇ ಉಸಿರಿನಲ್ಲಿ ನಾಲ್ಕು ಅಪ್ಪಣೆ ಕೊಟ್ಟರೆ ಮಕ್ಕಳು ಕೊನೆಯದೊಂದನ್ನೇ ನಡೆಸುತ್ತಾರೆ.

ಪಾಲಕರೊಡನೆ ಆಡುವ ಮಾತು ನಮಗೆ ಇನ್ನೂ ಕಠಿಣವಾಗಿ ಕಂಡಿತು. ಕೂಲಿಯ ದಿನ ಕಳೆದುಕೊಂಡು ಬಂದ ತಾಯಿ ಬಾಗಿಲಲ್ಲೇ ನಿಲ್ಲುತ್ತಾಳೆ. ದೂರನ್ನೇ ಮೊದಲು ಹೇಳಿದರೆ ಆಕೆ ಮತ್ತೆ ಬಾರಳು. ಮೊದಲು ಆಕೆಯನ್ನು ಕುಳ್ಳಿರಿಸಿ, ಮಗು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಹೇಳಬೇಕು. ತಾಯಂದಿರೂ ಹೊಸ ಅಧ್ಯಾಪಕರಿಗೆ ಉಪಕಾರ ಮಾಡಬಲ್ಲರು: ಮಗು ಮನೆಯಲ್ಲಿ ನೀರು, ಹಸಿವು, ನೋವುಗಳಿಗೆ ಏನೆನ್ನುತ್ತದೆಂದು ಹೇಳಿಕೊಟ್ಟರೆ ಸಾಕು. ನಮ್ಮ ಟಿಪ್ಪಣಿ ಪುಸ್ತಕದ ಕೊನೆಯ ಪುಟ ಹೀಗೆಯೇ ತುಂಬಿತು.

ಕೊನೆಯ ವಾರ ಅದೇ ತರಗತಿಯಲ್ಲಿ ಬೇಕೆಂದೇ ಮತ್ತೆ ‘ಪಟ್ಟಿ’ ಎಂದೆವು. ಈ ಬಾರಿ ಎಲ್ಲರೊಡನೆ ನಾವೂ ನಕ್ಕೆವು. ಹಲಗೆಯ ಮೇಲೆ ಹದಿನೇಳು ವಸ್ತುಗಳ ಹೆಸರು ಏರಿದವು. ಹದಿನೆಂಟನೆಯದಾಗಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ನಾಯಿ, ಮಾಷ್ಟ್ರೇ” ಎಂದನು.