ಹುಲಿವೇಷಕ್ಕೆ ಯಾವ ಬಣ್ಣ?

ಅಷ್ಟಮಿ, ಚೌತಿ, ನವರಾತ್ರಿ ಬಂತೆಂದರೆ ಉಡುಪಿ, ಮಂಗಳೂರು ಕಡೆಯ ಬೀದಿಗಳಲ್ಲಿ ತಾಸೆಯ ಪೆಟ್ಟಿಗೆ ಹುಲಿಗಳು ಕುಣಿಯುತ್ತವೆ. ತುಳುವಿನಲ್ಲಿ ಪಿಲಿವೇಷ ಎನ್ನುವ ಈ ಕುಣಿತ 2014ರಲ್ಲಿ ಬಂದ ‘ಉಳಿದವರು ಕಂಡಂತೆ’ ಚಿತ್ರದ ಮೂಲಕ ಘಟ್ಟದ ಮೇಲಿನವರಿಗೂ ಪರಿಚಯವಾಯಿತು. ಈಗ ಅದು ಬೀದಿಯ ಜೊತೆಗೆ ವೇದಿಕೆಯನ್ನೂ ಏರಿದೆ. ತಂಡಗಳ ನಡುವೆ ಜಿದ್ದಿನ ಸ್ಪರ್ಧೆ ನಡೆಯುತ್ತದೆ. ಸುಮಾರು 40 ಕೆ.ಜಿ. ತೂಗುವ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಮೈಬಣ್ಣ ದೀಪದ ಬೆಳಕಿಗೆ ಮಿಂಚಬೇಕು, ಬೆವರಿಗೆ ಇಳಿಯಬಾರದು, ಪಟ್ಟೆಗಳು ಕಲಸಿಹೋಗಬಾರದು ಎಂಬ ಹಟವೂ ಅದರೊಂದಿಗೆ ಬಂದಿದೆ.

ಈ ಸಲ ನೀವು ವೇಷ ಹಾಕುವವರಾದರೆ, ಅಥವಾ ನಿಮ್ಮ ಮನೆಯ ಹುಡುಗ ಹಾಕುವುದಾದರೆ, ಬಣ್ಣದ ಮನೆಗೆ ಹೋಗುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಈ ಬಣ್ಣ ಮೈಮೇಲೆ ಎಷ್ಟು ಹೊತ್ತು ಇರಬೇಕು? ಹಿಂದೆ ಎರಡು ಮೂರು ದಿನ ಊರೂರು ಸುತ್ತಿ, ಮಳೆ ಬಿಸಿಲೆನ್ನದೆ ಕುಣಿಯುವವರಿಗೆ ಗಟ್ಟಿ ಬಣ್ಣವೇ ಬೇಕಿತ್ತು. ಎನಾಮೆಲ್ ಪೇಂಟು ರೂಢಿಗೆ ಬಂದದ್ದಕ್ಕೆ ಅದೂ ಒಂದು ಕಾರಣ. ವೇದಿಕೆಯ ಸ್ಪರ್ಧೆಯಲ್ಲಿ ಒಂದು ತಂಡ ಕುಣಿಯುವುದು ಅರ್ಧ ಗಂಟೆಯ ಒಳಗೆ. ಅಷ್ಟು ಹೊತ್ತಿಗಾಗಿ ಬಾಗಿಲು ಕಿಟಕಿಗೆ ಬಳಿಯುವ ಬಣ್ಣವನ್ನು ಮೈಗೆ ಬಳಿದುಕೊಳ್ಳುವ ಅಗತ್ಯ ಉಳಿದಿಲ್ಲ.

ಮೈಗೆಲ್ಲ ಬಣ್ಣ ಬಳಿದರೆ ಚರ್ಮ ಉಸಿರಾಡಲಾರದು, ಅದರಿಂದ ಪ್ರಾಣಕ್ಕೆ ಅಪಾಯ ಎಂಬ ಮಾತನ್ನು ನೀವು ಕೇಳಿರಬಹುದು. ಇದು ನಿಜವಲ್ಲ. ಮನುಷ್ಯ ಉಸಿರಾಡುವುದು ಶ್ವಾಸಕೋಶದಿಂದ, ಚರ್ಮದಿಂದಲ್ಲ. 1964ರ ಜೇಮ್ಸ್ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’ನಲ್ಲಿ ಮೈಗೆಲ್ಲ ಚಿನ್ನದ ಬಣ್ಣ ಬಳಿದ ಹುಡುಗಿ ಸಾಯುವ ದೃಶ್ಯವಿದೆ. ಈ ನಂಬಿಕೆ ಲೋಕವೆಲ್ಲ ಹಬ್ಬಲು ಅದು ಸಾಕಷ್ಟು ನೆರವಾಯಿತು. ನಿಜವಾದ ತೊಂದರೆ ಇರುವುದು ಬೆವರಿನಲ್ಲಿ.

ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಕುಣಿಯುವಾಗ ಸ್ನಾಯುಗಳು ಹುಟ್ಟಿಸುವ ಶಾಖವನ್ನು ದೇಹ ಹೊರಹಾಕುವುದು ಮುಖ್ಯವಾಗಿ ಬೆವರು ಆರುವುದರಿಂದ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೋಗುತ್ತದೆ. ಬೆವರು ಸುರಿದರೆ ಸಾಲದು, ಅದು ಆರಬೇಕು ಎಂಬುದನ್ನು ಗಮನಿಸಿ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಾದ್ದರಿಂದ ಬರೀ ಮೈಯ ಬೆವರೇ ಬೇಗ ಆರುವುದಿಲ್ಲ. ಅದರ ಮೇಲೆ ನೀರು ದಾಟದ ಪೇಂಟಿನ ಪದರ ಕೂತರೆ ಬೆವರು ಹೊರಬರುವುದೂ ಕಷ್ಟ, ಆರುವುದೂ ಕಷ್ಟ. ಹುಲಿಯ ರೋಮದಂತೆ ಕಾಣಲೆಂದು ಹಸಿ ಬಣ್ಣದ ಮೇಲೆ ಕುರಿಯ ಉಣ್ಣೆ ಉದುರಿಸಿದರೆ ಕಂಬಳಿ ಹೊದ್ದು ಕುಣಿದಂತೆಯೇ. ಎನಾಮೆಲ್ ಬಳಿದವರು ರಾತ್ರಿ ನಿದ್ದೆ ಬಾರದೆ ಒದ್ದಾಡುವುದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ಬಣ್ಣಗಳನ್ನು ಒಂದೊಂದಾಗಿ ನೋಡೋಣ.

ಎನಾಮೆಲ್ ಅಥವಾ ಆಯಿಲ್ ಪೇಂಟಿನಲ್ಲಿ ರಾಳ, ಬಣ್ಣದ ಪುಡಿ, ಟರ್ಪೆಂಟೈನ್‌ನಂಥ ದ್ರಾವಕ ಮತ್ತು ಬೇಗ ಒಣಗಿಸುವ ಲೋಹದ ಲವಣಗಳು ಇರುತ್ತವೆ. ಗಾಳಿಯ ಆಮ್ಲಜನಕದೊಡನೆ ಸೇರಿ ಅದು ಗಟ್ಟಿಯಾದ ಹಾಳೆಯಂತಾಗುತ್ತದೆ. ನೀರಿಗೆ, ಬೆವರಿಗೆ ಜಗ್ಗದಿರುವುದು ಅದಕ್ಕೇ. ಹಸಿಯಾಗಿರುವಾಗ ದ್ರಾವಕ ಚರ್ಮದ ಸಹಜ ಜಿಡ್ಡನ್ನು ಕರಗಿಸುತ್ತದೆ. ಅದರ ಆವಿಯಿಂದ ತಲೆನೋವು, ತಲೆಸುತ್ತು ಬರುತ್ತದೆ. ಹುಲಿಗೆ ಬೇಕಾದ ಹಳದಿ, ಕಿತ್ತಳೆ ಬಣ್ಣಗಳಿಗೆ ಬಹುಕಾಲ ಬಳಕೆಯಾದದ್ದು ಸೀಸದ ಕ್ರೋಮೇಟ್. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು, 2017ರ ನವೆಂಬರ್‌ನಿಂದ ಅದು ಜಾರಿಗೆ ಬಂತು. ಕಾರ್ಖಾನೆ, ಯಂತ್ರಗಳಿಗೆ ಬಳಿಯುವ ಪೇಂಟು ಈ ನಿಯಮದ ವ್ಯಾಪ್ತಿಯಲ್ಲಿಲ್ಲ. ಗಾಯವಿಲ್ಲದ ಚರ್ಮದ ಮೂಲಕ ಇಂಥ ಸೀಸ ಒಳಹೋಗುವುದು ತೀರ ಕಡಿಮೆ, ನಿಜ. ಆದರೆ ಬಣ್ಣದ ಕೈಯಲ್ಲೇ ಊಟ ಮಾಡುವಾಗ, ಉಗುರು ಕಚ್ಚುವಾಗ ಅದು ಹೊಟ್ಟೆ ಸೇರುತ್ತದೆ.

ಎನಾಮೆಲ್‌ನ ದೊಡ್ಡ ಕಾಟ ಹಚ್ಚುವಾಗಿಗಿಂತ ತೆಗೆಯುವಾಗ. ಸೀಮೆಎಣ್ಣೆ ಅಥವಾ ಥಿನ್ನರ್ ಸುರಿದು ಬಟ್ಟೆಯಿಂದ ತಿಕ್ಕುತ್ತಾರೆ. ಸೀಮೆಎಣ್ಣೆ ಚರ್ಮದ ಮೇಲೆ ಹೆಚ್ಚು ಹೊತ್ತು ನಿಂತರೆ ಉರಿ, ಕೆಂಪು, ಬೊಕ್ಕೆಗಳೇಳುತ್ತವೆ, ಸುಟ್ಟ ಗಾಯದಂತೆಯೇ ಆಗಬಹುದು. ಕಂಕುಳು, ತೊಡೆಸಂದಿಗಳಲ್ಲಿ ಇದು ಇನ್ನೂ ಹೆಚ್ಚು. ಅಲ್ಲೇ ಪಕ್ಕದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಏನಾದೀತೆಂದು ಹೇಳಬೇಕಾಗಿಲ್ಲ.

‘ನಾವು ಎನಾಮೆಲ್ ಬಿಟ್ಟಿದ್ದೇವೆ, ನೀರಿನಲ್ಲಿ ಕಲಸುವ ಬಣ್ಣ ಬಳಿಯುತ್ತೇವೆ’ ಎನ್ನುವವರಿದ್ದಾರೆ. ಯಾವ ನೀರಿನ ಬಣ್ಣ ಎಂಬುದನ್ನು ನೋಡಬೇಕು. ಗೋಡೆಯ ಡಿಸ್ಟೆಂಪರ್, ಎಮಲ್ಷನ್, ಚಿತ್ರ ಬರೆಯುವ ಅಕ್ರಿಲಿಕ್ ಇವೆಲ್ಲ ನೀರಿನಲ್ಲಿ ಕಲಸುವಂಥವೇ. ಸೀಮೆಎಣ್ಣೆಯ ಕಾಟ ತಪ್ಪುತ್ತದೆ ಎಂಬಷ್ಟರ ಮಟ್ಟಿಗೆ ಇವು ವಾಸಿ. ಆದರೆ ಡಬ್ಬಿಯಲ್ಲಿ ಬೂಸ್ಟು ಹಿಡಿಯದಂತೆ ಇವುಗಳಿಗೆ ಸೇರಿಸುವ ಐಸೋಥಯಾಜೋಲಿನೋನ್ ಎಂಬ ಸಂರಕ್ಷಕಗಳು ಚರ್ಮದ ಅಲರ್ಜಿಗೆ ಹೆಸರಾಗಿವೆ. ಒಮ್ಮೆ ಅಲರ್ಜಿ ಅಂಟಿಕೊಂಡರೆ ಮುಂದಿನ ವರ್ಷ ಸ್ವಲ್ಪ ತಾಗಿದರೂ ಮೈ ತುರಿಸುತ್ತದೆ. ಅಕ್ರಿಲಿಕ್ ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂತೆ ಬಿಗಿಯುತ್ತದೆ, ಕೀಳುವಾಗ ರೋಮವನ್ನೂ ಎಳೆದು ತರುತ್ತದೆ. ಡಬ್ಬಿಯ ಮೇಲೆ ‘ವಿಷಕಾರಿಯಲ್ಲ’ ಎಂದು ಬರೆದಿರುವುದು ಕಾಗದದ ಮೇಲೆ ಬರೆಯುವವರಿಗಾಗಿ, ಮೈಗೆ ಬಳಿದುಕೊಳ್ಳುವವರಿಗಾಗಿ ಅಲ್ಲ.

ಹಾಗಾದರೆ ಹಳೆಯ ಕಾಲದ ಬಣ್ಣಗಳೇ ಒಳ್ಳೆಯವೇ? ಅರಿಶಿನ, ಮಸಿ, ಅಕ್ಕಿಹಿಟ್ಟು ಇವುಗಳ ಮಾತು ಬೇರೆ. ಆದರೆ ನಮ್ಮ ಬಣ್ಣದ ಪೆಟ್ಟಿಗೆಗಳಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕವೂ ಇದ್ದವು. ಅರದಾಳವೆಂದರೆ ಆರ್ಸೆನಿಕ್‌ನ ಅದಿರು, ಇಂಗಳೀಕವೆಂದರೆ ಪಾದರಸದ ಅದಿರು. ನಿಸರ್ಗದಿಂದ ಬಂದದ್ದೆಲ್ಲ ನಿರಪಾಯಕಾರಿ ಎನ್ನುವವರು ಈ ಎರಡು ಹೆಸರನ್ನು ನೆನಪಿಟ್ಟುಕೊಳ್ಳಲಿ.

ಉಳಿದಿರುವುದು ಚರ್ಮಕ್ಕೆಂದೇ ತಯಾರಾದ ಪ್ರಸಾಧನದ ಬಣ್ಣಗಳು. ಇವುಗಳಲ್ಲಿ ಮೂರು ಬಗೆ. ನೀರು ತಾಗಿಸಿ ಹಚ್ಚುವ ಕೇಕ್ ಬಣ್ಣ ಸೋಪಿಗೆ ಸುಲಭವಾಗಿ ಹೋಗುತ್ತದೆ, ಪದರ ತೆಳುವಾದ್ದರಿಂದ ಬೆವರಿಗೆ ಅಡ್ಡಿ ಕಡಿಮೆ. ಆದರೆ ಬೆವರಿದರೆ ಇಳಿಯುತ್ತದೆ. ಎಣ್ಣೆ, ಮೇಣದಲ್ಲಿ ಮಾಡಿದ ಗ್ರೀಸ್ ಪೇಂಟು ಗಾಢವಾಗಿ ಕೂರುತ್ತದೆ, ಮೇಲೆ ಪೌಡರ್ ಒತ್ತಬೇಕು. ಮೊಡವೆ ಏಳುವ ಮೈಯವರಿಗೆ ಇದು ಹೊಂದುವುದಿಲ್ಲ, ಪಟ್ಟೆಗಳು ಕಲಸುವ ಭಯವೂ ಇದೆ. ಸಿನಿಮಾದವರು ಬಳಸುವ, ಸ್ಪಿರಿಟ್‌ನಲ್ಲಿ ಕರಗಿಸಿದ ಬಾಡಿ ಪೇಂಟು ಬೆವರಿಗೆ ಚೆನ್ನಾಗಿ ತಡೆಯುತ್ತದೆ. ಬೆಲೆ ಹೆಚ್ಚು, ಹಚ್ಚುವಾಗ ಬೆಂಕಿ ಹತ್ತಿರ ಇರಬಾರದು, ಈಗಷ್ಟೇ ಬೋಳಿಸಿದ ಚರ್ಮಕ್ಕೆ ಉರಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ವೇದಿಕೆಯ ಸ್ಪರ್ಧೆಗೆ ಹಿನ್ನೆಲೆಯ ಹಳದಿಗೆ ಕೇಕ್ ಬಣ್ಣ, ಎದೆ, ಬೆನ್ನಿನ ಕಪ್ಪು ಪಟ್ಟೆಗಳಿಗೆ ಮಾತ್ರ ಸ್ಪಿರಿಟ್ ಬಣ್ಣ ಎಂದು ಹಂಚಿಕೊಂಡರೆ ಖರ್ಚೂ ಹಿಡಿತದಲ್ಲಿರುತ್ತದೆ, ಪಟ್ಟೆಯೂ ಉಳಿಯುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಪ್ರಸಾಧನ ಸಾಮಗ್ರಿ ಎಂಬ ಉಲ್ಲೇಖ, ತಯಾರಿಕೆಯ ಪರವಾನಗಿ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವೆಯೇ ನೋಡಿ. ಪ್ರಸಾಧನಗಳಿಗೆ ಸೀಸ ಅಥವಾ ಆರ್ಸೆನಿಕ್‌ನ ಬಣ್ಣ ಬಳಸುವುದನ್ನು ನಮ್ಮ ಕಾನೂನು ನಿಷೇಧಿಸಿದೆ. ಹಾರ್ಡ್‌ವೇರ್ ಅಂಗಡಿಯ ಡಬ್ಬಿಗೆ ಆ ಕಾವಲು ಇಲ್ಲ.

ಯಾವುದೇ ಬಣ್ಣವಾದರೂ ಕುಂಚದಲ್ಲಿ ಹಚ್ಚುವುದು ಲೇಸು. ಬೇಗ ಆಗಲೆಂದು ಸ್ಪ್ರೇ ಗನ್ ಹಿಡಿಯುವುದಿದೆ. ಚರ್ಮ ತಡೆದುಕೊಳ್ಳುವುದನ್ನು ಶ್ವಾಸಕೋಶ ತಡೆದುಕೊಳ್ಳದು. 1938ರಲ್ಲಿ ಹಾಲಿವುಡ್‌ನ ‘ದಿ ವಿಝರ್ಡ್ ಆಫ್ ಆಜ್’ ಚಿತ್ರೀಕರಣದಲ್ಲಿ ತವರದ ಮನುಷ್ಯನ ಪಾತ್ರಕ್ಕೆ ಬಡ್ಡಿ ಎಬ್ಸೆನ್ ಎಂಬ ನಟನ ಮುಖಕ್ಕೆ ಅಲ್ಯೂಮಿನಿಯಂ ಪುಡಿ ಹಚ್ಚಿದ್ದರು. ಪುಡಿ ಶ್ವಾಸಕೋಶಕ್ಕೆ ಹೋಗಿ ಆತ ಆಸ್ಪತ್ರೆ ಸೇರಿದ. ಬದಲಿ ನಟನಿಗೆ ಅದನ್ನೇ ಲೇಪನವಾಗಿ ಕಲಸಿ ಹಚ್ಚಿದರು. ಪಶ್ಚಿಮ ದೇಶಗಳ ಬಾಲ್‌ರೂಂ ನೃತ್ಯ ಸ್ಪರ್ಧಿಗಳು ಮೈಗೆ ಕಂದುಬಣ್ಣ ತರಿಸಲು ಹಚ್ಚಿಕೊಳ್ಳುವ ಡೈಹೈಡ್ರಾಕ್ಸಿಅಸಿಟೋನ್ ಎಂಬ ಲೇಪನದ ವಿಷಯದಲ್ಲೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಲುವು ಇದೇ. ಚರ್ಮದ ಮೇಲೆ ಹಚ್ಚಲು ಒಪ್ಪಿಗೆ ಇದೆ, ಉಸಿರಿನೊಡನೆ ಒಳಗೆ ಹೋಗುವುದಕ್ಕೆ, ತುಟಿಗೆ, ಕಣ್ಣಿನ ಸುತ್ತ ತಾಗುವುದಕ್ಕೆ ಇಲ್ಲ. ಸ್ಪ್ರೇ ಮಾಡಲೇಬೇಕೆಂದಿದ್ದರೆ ಬಯಲಲ್ಲಿ ಮಾಡಿ. ಮೂಗು ಬಾಯಿ ಮುಚ್ಚಿ, ಕಣ್ಣಿಗೂ ಮರೆ ಇರಲಿ.

ಬಣ್ಣ ಹಿಡಿಯಲೆಂದು ಮೈಯ ರೋಮ ಬೋಳಿಸುವ ಪದ್ಧತಿ ಉಂಟು. ಒಂದೇ ಬ್ಲೇಡು ತಂಡಕ್ಕೆಲ್ಲ ಹೋದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕುಗಳಿಗೆ ದಾರಿ ಮಾಡಿಕೊಟ್ಟಂತೆ. ನಿಮ್ಮ ಬ್ಲೇಡು ನಿಮ್ಮದೇ ಇರಲಿ. ಬೋಳಿಸುವ ಕೆಲಸ ಒಂದು ದಿನ ಮೊದಲೇ ಮುಗಿಯಲಿ, ಸಣ್ಣ ಗೀರುಗಳು ಮಾಯಲು ಅಷ್ಟು ಹೊತ್ತು ಬೇಕು.

ಸ್ಪರ್ಧೆಗೆ ನಾಲ್ಕೈದು ದಿನ ಮೊದಲು ಮುಂಗೈಯ ಒಳಬದಿಗೆ ಒಂದು ರೂಪಾಯಿ ನಾಣ್ಯದಷ್ಟು ಬಣ್ಣ ಹಚ್ಚಿ ನೋಡಿ. ಕೆಲವು ಗಂಟೆ ಬಿಟ್ಟು ತೊಳೆದು, ಎರಡು ಮೂರು ದಿನ ಗಮನಿಸಿ. ಕೆಂಪಾದರೆ, ತುರಿಸಿದರೆ ಆ ಬಣ್ಣ ನಿಮಗಲ್ಲ. ಇಸುಬು, ಸೋರಿಯಾಸಿಸ್, ಉಬ್ಬಸ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮಕ್ಕಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹರಕೆಗೆಂದು ಐದಾರು ವರ್ಷದ ಮಗುವಿಗೂ ಹುಲಿವೇಷ ಹಾಕಿಸುವ ಮನೆಗಳಿವೆ. ಹರಕೆ ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತೀರ್ಣ ದೊಡ್ಡವರಿಗಿಂತ ಹೆಚ್ಚು, ಕೈ ಪದೇ ಪದೇ ಬಾಯಿಗೆ ಹೋಗುತ್ತದೆ, ಸೀಸ ಹೊಟ್ಟೆ ಸೇರಿದರೆ ದೊಡ್ಡವರಿಗಿಂತ ಹೆಚ್ಚಿನ ಪಾಲು ರಕ್ತಕ್ಕೆ ಸೇರಿ ಬೆಳೆಯುವ ಮಿದುಳಿಗೆ ಹಾನಿಯಾಗುತ್ತದೆ. ಮಗುವಿಗೆ ಎನಾಮೆಲ್ ಯಾವ ಕಾರಣಕ್ಕೂ ಬೇಡ. ಮೈಗೆ ಹುಲಿಪಟ್ಟೆಯ ತೆಳು ಹತ್ತಿ ಅಂಗಿ ಹೊಲಿಸಿ, ಮುಖಕ್ಕೆ, ತೋಳಿಗೆ ಮಾತ್ರ ಕೇಕ್ ಬಣ್ಣ ಹಚ್ಚಿದರೆ ಹರಕೆಯೂ ಸಂದಿತು, ಮಗುವೂ ನಕ್ಕೊಂಡು ಕುಣಿಯಿತು.

ಕುಣಿತದ ದಿನ ಕಂಕುಳು, ತೊಡೆಸಂದಿ, ಚಡ್ಡಿಯ ಒಳಭಾಗ, ಅಂಗೈ, ಅಂಗಾಲು ಬಿಟ್ಟು ಬಣ್ಣ ಹಚ್ಚಿಸಿಕೊಳ್ಳಿ. ಮಜ್ಜಿಗೆ, ಗಂಜಿ ತಿಳಿ, ಎಳನೀರು ಆಗಾಗ ಕುಡಿಯುತ್ತಿರಿ. ‘ಹುರುಪಿಗೆ’ ಎಂದು ಮದ್ಯ ಸೇವಿಸುವುದು ತಪ್ಪು, ಅದು ಮೈಯ ನೀರನ್ನೂ ಕಳೆಯುತ್ತದೆ, ದಣಿವಿನ ಅರಿವನ್ನೂ ಕಳೆಯುತ್ತದೆ. ಕುಣಿಯುವವನಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ತಕ್ಷಣ ನೆರಳಿಗೆ ಕರೆತನ್ನಿ. ಮಾತು ತೊದಲಿದರೆ, ಗಲಿಬಿಲಿಗೊಂಡರೆ ಅದು ಶಾಖಾಘಾತ. ಆಗ ಬಣ್ಣ ತೆಗೆಯುತ್ತ ಕೂರಬೇಡಿ. ಬಣ್ಣದ ಮೇಲೆಯೇ ತಣ್ಣೀರು ಸುರಿದು ಜೋರಾಗಿ ಗಾಳಿ ಹಾಕಿ. ಕತ್ತು, ಕಂಕುಳಲ್ಲಿ ಮಂಜುಗಡ್ಡೆ ಇಡಿ, 108ಕ್ಕೆ ಕರೆ ಮಾಡಿ. ಪ್ಯಾರಾಸಿಟಮಾಲ್‌ನಿಂದ ಈ ಬಿಸಿ ಇಳಿಯುವುದಿಲ್ಲ.

ಬಣ್ಣ ತೆಗೆಯಲು ಅವಸರ ಬೇಡ. ಕೇಕ್ ಬಣ್ಣಕ್ಕೆ ಸೋಪು, ಉಗುರುಬೆಚ್ಚನೆಯ ನೀರು ಸಾಕು. ಗ್ರೀಸ್ ಪೇಂಟಿಗೆ ಧಾರಾಳವಾಗಿ ತೆಂಗಿನೆಣ್ಣೆ ಸವರಿ, ಕಾಲು ಗಂಟೆ ಬಿಟ್ಟು, ಮೆತ್ತನೆಯ ಹಳೆ ಪಂಚೆಯ ತುಂಡಿನಿಂದ ಒರೆಸಿ, ಆಮೇಲೆ ಸೋಪು ಹಾಕಿ. ಸ್ಪಿರಿಟ್ ಬಣ್ಣಕ್ಕೆ ಅದರೊಡನೆ ಮಾರುವ ದ್ರವವನ್ನೇ ಬಳಸಿ. ಯಾರಾದರೂ ಎನಾಮೆಲ್ ಬಳಿದೇ ಬಿಟ್ಟಿದ್ದರೆ ಅವರೂ ಎಣ್ಣೆಯಿಂದಲೇ ಮೆದುವಾಗಿಸಿ, ಬಂದಷ್ಟನ್ನು ತೆಗೆಯಲಿ. ಮೊಂಡು ಕಲೆಗಳು ಚರ್ಮದ ಹೊರಪದರದೊಡನೆ ಕೆಲವು ದಿನಗಳಲ್ಲಿ ತಾವೇ ಉದುರುತ್ತವೆ. ತೆಂಗಿನ ನಾರು, ಇಟ್ಟಿಗೆ ಚೂರು, ಪ್ಯೂಮಿಸ್ ಕಲ್ಲು ಮುಟ್ಟಬೇಡಿ. ತೊಳೆದ ಮೇಲೆ ಒಂದು ವಾರ ಮೈಗೆ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚುತ್ತಿರಿ. ಬೊಕ್ಕೆ, ಕೀವಿನ ಗುಳ್ಳೆ, ಜ್ವರ, ಕಣ್ಣು ಕೆಂಪಾಗುವುದು ಅಥವಾ ಬಿಡದ ಕೆಮ್ಮು ಕಂಡರೆ ವೈದ್ಯರ ಬಳಿ ಹೋಗಿ. ಹೋಗುವಾಗ ಬಣ್ಣದ ಖಾಲಿ ಡಬ್ಬಿಯನ್ನೂ ಒಯ್ಯಿರಿ, ಅದರ ಮೇಲಿನ ಬರಹ ಅವರ ಅರ್ಧ ಕೆಲಸವನ್ನು ಮುಗಿಸುತ್ತದೆ.