ಬಲ್ಬ್ ಬದಲಿಸಿದ್ದೆ, ವಿಮೆಯವರಿಗೆ ಹೇಳಿರಲಿಲ್ಲ

ನಮ್ಮ ಶ್ರೀನಿವಾಸಪುರದ ಕಡೆ ಮಾವಿನ ಸೀಸನ್ ಅಂದ್ರೆ ವರ್ಷದ ಸಂಬಳ ಒಂದೇ ಸಲ ಬಂದ ಹಾಗೆ. ಒಂದು ವರ್ಷ ಬೆಳೆ ಕೈಹಿಡಿಯಿತು. ಅಪ್ಪ ಹಳೆಯದೊಂದು ಪುಟ್ಟ ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ನಾನು ಆಗಷ್ಟೇ ಬಿ.ಕಾಂ ಮುಗಿಸಿ, ಬ್ಯಾಂಕ್ ಪರೀಕ್ಷೆಗೆ ಓದುತ್ತಾ, ನರಸಾಪುರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದೆ. ಕೋಲಾರದ ಚಿಕ್ಕಮ್ಮನ ಮನೆ ಮುಂದೆ ಕಾರು ನಿಲ್ಲಿಸಿ, ಅಲ್ಲಿಂದ ಕಾರ್ಖಾನೆ ಬಸ್ ಹತ್ತುತ್ತಿದ್ದೆ. ಸೆಕೆಂಡ್ ಶಿಫ್ಟ್ ಮುಗಿಸಿ ವಾಪಸ್ ಕೋಲಾರಕ್ಕೆ ಬರುವಾಗ ಸರಿರಾತ್ರಿ. ಅಲ್ಲಿಂದ ಊರಿನವರೆಗೆ ಕತ್ತಲ ದಾರಿ.

ಆ ದಾರಿ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಹಿಂದಿನ ಲೈಟೇ ಇಲ್ಲದ ಟ್ರ್ಯಾಕ್ಟರ್, ಮಾರ್ಕೆಟ್‌ಗೆ ಧಾವಿಸುವ ಟೊಮೆಟೊ ಗಾಡಿಗಳು, ರಸ್ತೆಗೇ ಬಂದು ಮಲಗುವ ದನಗಳು. ನನ್ನ ಕಾರಿನ ಲೈಟೋ, ಸೀಮೆಎಣ್ಣೆ ಬುಡ್ಡಿಯ ಹಾಗೆ. ಫ್ರೆಂಡ್ ಒಬ್ಬ ಹೇಳಿದ: "ಹಂಡ್ರೆಡ್ ವ್ಯಾಟ್ ಬಲ್ಬ್ ಹಾಕ್ಸೋ ಮಗಾ, ಹಗಲಾಗೋಗ್ತದೆ."

ಹಾಕಿಸಿದೆ. ಅಂಗಡಿಯಲ್ಲಿ ಹದಿನೈದು ನಿಮಿಷದ ಕೆಲಸ. ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆ ರಾತ್ರಿ ರಸ್ತೆ ನಿಜಕ್ಕೂ ಹಗಲಿನ ಹಾಗೆ ಕಂಡಿತು. ಎದುರಿನಿಂದ ಬಂದವರೆಲ್ಲ ಲೈಟ್ ಮಿಣುಕಿಸಿ ಬೈಯುತ್ತಿದ್ದುದು ಮಾತ್ರ ನನಗೆ ಕೇಳಿಸಲಿಲ್ಲ.

ತಿಂಗಳು ಕಳೆದಿರಬಹುದು. ಒಂದು ರಾತ್ರಿ ಊರಿಗೆ ಇನ್ನು ನಾಲ್ಕೈದು ಕಿಲೊಮೀಟರ್ ಇರುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಏನೆಂದು ಯೋಚಿಸುವಷ್ಟರಲ್ಲಿ ಎರಡೂ ಲೈಟ್ ಒಟ್ಟಿಗೆ ಆರಿದವು. ತಿರುವಿನಲ್ಲಿದ್ದೆ. ಬ್ರೇಕ್ ಒತ್ತಿದ್ದು ನೆನಪಿದೆ. ಕಾರು ಮೋರಿಯ ಕಟ್ಟೆಗೆ ಗುದ್ದಿ ನಿಂತಿತು. ಬಾನೆಟ್ ಸಂದಿಯಿಂದ ಹೊಗೆ. ನನಗೆ ಹಣೆಗೊಂದು ಬೋರೆ ಬಿಟ್ಟರೆ ಏನೂ ಆಗಲಿಲ್ಲ. ಆ ಕಟ್ಟೆಯ ಮೇಲೆ ಸಂಜೆ ಹೊತ್ತು ಊರ ಹುಡುಗರು ಕೂತಿರುತ್ತಾರೆ. ಅದು ನೆನಪಾದರೆ ಈಗಲೂ ನಿದ್ದೆ ಬರುವುದಿಲ್ಲ.

ಮೂರು ಪ್ರಶ್ನೆ, ಮೂರು 'ಇಲ್ಲ'

ಗ್ಯಾರೇಜಿನವರು ಕೊಟ್ಟ ಅಂದಾಜು 52,000 ರೂಪಾಯಿ. ಫುಲ್ ಇನ್ಶೂರೆನ್ಸ್ ಇದೆಯಲ್ಲ ಎಂದು ನಾನು ನಿರಾಳವಾಗಿದ್ದೆ. ನಷ್ಟ 50,000 ರೂಪಾಯಿ ದಾಟಿದರೆ ಪರವಾನಗಿ ಇರುವ ಸರ್ವೇಯರ್ ಬಂದು ನೋಡಲೇಬೇಕು. ಬಂದರು. ಬಾನೆಟ್ ಎತ್ತಿಸಿ, ಕರಗಿದ ವೈರ್ ಹಿಡಿದು ನೋಡಿ, ಬಲ್ಬ್ ಬಿಚ್ಚಿಸಿ ಫೋಟೊ ತೆಗೆದುಕೊಂಡರು. ಆಮೇಲೆ ಮೂರೇ ಪ್ರಶ್ನೆ.

"ಈ ಬಲ್ಬ್ ಕಾರಿನ ಜೊತೆ ಬಂದಿದ್ದಾ?"

"ಇಲ್ಲ ಸರ್."

"ಬಿಲ್ ಇದೆಯಾ?"

"ಇಲ್ಲ ಸರ್."

"ಹಾಕಿಸಿದ ಮೇಲೆ ಇನ್ಶೂರೆನ್ಸ್‌ನವರಿಗೆ ತಿಳಿಸಿದ್ರಾ?"

ತಿಳಿಸಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಕೊನೆಗೆ ಲೆಕ್ಕ ಹೀಗಾಯಿತು. ವೈರಿಂಗ್, ಫ್ಯೂಸ್ ಬಾಕ್ಸ್, ಹೆಡ್‌ಲೈಟ್ ಸೇರಿ 22,000 ರೂಪಾಯಿ ಪೂರ್ತಿ ಕೈಬಿಟ್ಟರು. ಉಳಿದ 30,000ದಲ್ಲಿ ಪ್ಲಾಸ್ಟಿಕ್ ಭಾಗಗಳ ಸವಕಳಿ 2,000 ಕಳೆದರು. ಮಿಕ್ಕ 28,000ಕ್ಕೆ ಶೇ 75ರಷ್ಟು ಮಾತ್ರ ಒಪ್ಪಿದರು. ಅದರಲ್ಲೂ ನಾವೇ ಭರಿಸಬೇಕಾದ ಕಡ್ಡಾಯ ಪಾಲು 1,000 ಹೋಯಿತು. ಕೈಗೆ ಬಂದದ್ದು 20,000. ಉಳಿದ 32,000 ರೂಪಾಯಿ ಅಪ್ಪನ ಜೇಬಿನಿಂದ. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡು, ನೀನಿದ್ದೀಯಲ್ಲ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ವೈರ್ ಯಾಕೆ ಕರಗಿತು?

ಸೈನ್ಸ್ ಓದಿದವರಿಗೆ ಇದು ಪಿಯುಸಿ ಲೆಕ್ಕ. ಸಾಮಾನ್ಯ ಎಚ್4 ಹ್ಯಾಲೊಜನ್ ಬಲ್ಬ್ 60/55 ವ್ಯಾಟ್. ಅಂದರೆ ಹೈ ಬೀಮ್ 60, ಲೋ ಬೀಮ್ 55. 12 ವೋಲ್ಟ್ ಬ್ಯಾಟರಿಯಲ್ಲಿ 60 ವ್ಯಾಟ್ ಬಲ್ಬ್ 5 ಆಂಪಿಯರ್ ಎಳೆಯುತ್ತದೆ. 100 ವ್ಯಾಟ್ ಬಲ್ಬ್ 8.3 ಆಂಪಿಯರ್. ವೈರ್ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಹಾಗಾಗಿ ಬೆಳಕಿಗೆಂದು ಮುಕ್ಕಾಲು ಪಟ್ಟೂ ಹೆಚ್ಚಿಸದ ವ್ಯಾಟ್, ವೈರಿನೊಳಗಿನ ಬಿಸಿಯನ್ನು ಸುಮಾರು ಎರಡೂಮುಕ್ಕಾಲು ಪಟ್ಟು ಏರಿಸುತ್ತದೆ. ಕಾರಿನ ವೈರ್, ಸ್ವಿಚ್, ಹೋಲ್ಡರ್ ಯಾವುದೂ ಅದಕ್ಕೆಂದು ಮಾಡಿದ್ದಲ್ಲ. ದಪ್ಪ ವೈರ್ ಎಳೆದು, ಬ್ಯಾಟರಿಯಿಂದ ನೇರವಾಗಿ ರಿಲೇ ಮೂಲಕ ಕರೆಂಟ್ ಕೊಡುವುದು ಮೆಕ್ಯಾನಿಕ್‌ಗಳು ಹೇಳುವ ದಾರಿ. ನನ್ನ ಕಾರಿಗೆ ಅದನ್ನೂ ಮಾಡಿರಲಿಲ್ಲ. ಮಾಡಿದ್ದರೂ ವೈರ್ ಉಳಿಯುತ್ತಿತ್ತೇ ಹೊರತು, ಎದುರಿನವರ ಕಣ್ಣಲ್ಲ.

ಎಲ್‌ಇಡಿ ಬಲ್ಬ್ ಕಡಿಮೆ ಕರೆಂಟ್ ಎಳೆಯುತ್ತದೆ, ನಿಜ. ಆದರೆ ಅದರದ್ದು ಬೇರೆ ತೊಂದರೆ. ಹ್ಯಾಲೊಜನ್ ಹೆಡ್‌ಲೈಟಿನ ಒಳಗಿನ ಕನ್ನಡಿಯಂಥ ಬಟ್ಟಲನ್ನು ಒಂದು ಸಣ್ಣ ತಂತಿ ಉರಿಯುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅಲ್ಲಿಗೆ ಎಲ್‌ಇಡಿ ತೂರಿಸಿದರೆ ಬೆಳಕು ಹುಟ್ಟುವ ಜಾಗ ಆಚೀಚೆ ಆಗಿ, ರಸ್ತೆಗೆ ಬೀಳಬೇಕಾದದ್ದು ಎದುರಿನವನ ಮುಖಕ್ಕೆ ಚೆಲ್ಲುತ್ತದೆ. ಮುಳಬಾಗಿಲಿನಿಂದ ನಂಗಲಿ ಕಡೆಗೋ, ಮಾಲೂರು ರಸ್ತೆಯಲ್ಲೋ ರಾತ್ರಿ ಬೈಕ್ ಓಡಿಸಿದವರಿಗೆ ಆ ಬಿಳಿ ಬೆಳಕಿನಲ್ಲಿ ಎರಡು ಕ್ಷಣ ಕುರುಡಾಗುವುದು ಏನೆಂದು ಗೊತ್ತು.

ಕಾನೂನು ಏನು ಹೇಳುತ್ತದೆ?

ಕ್ಲೇಮ್ ಮುಗಿದ ಮೇಲೆ, ಪರೀಕ್ಷೆ ಪುಸ್ತಕ ಬದಿಗಿಟ್ಟು ಇದನ್ನೇ ಓದಿದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಹೇಳಿತು. "ಆರ್‌ಸಿಯಲ್ಲಿ ಬಲ್ಬ್ ವ್ಯಾಟ್ ಬರೆದಿರಲ್ವಲ್ಲ" ಎಂದು ನನ್ನ ಫ್ರೆಂಡ್ ವಾದ ಮಾಡಿದ. ಸರಿ. ಆದರೆ ಕೇಂದ್ರ ಮೋಟಾರು ವಾಹನ ನಿಯಮ 106 ಇದೆಯಲ್ಲ! ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೆಳಕ್ಕಿಳಿಸಿದ ಬೆಳಕು ಕೋರೈಸಬಾರದು. ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಲೋ ಬೀಮ್ ಹಾಕಿ, ನಿಮ್ಮ ಕಾರಿನ ಮುಂದೆ ಹತ್ತು ಹೆಜ್ಜೆ ನಡೆದು ತಿರುಗಿ ನೋಡಿ. ಅಂದಾಜು ಗೊತ್ತಾಗುತ್ತದೆ.

ದಂಡವೂ ಇದೆ. ಸೆಕ್ಷನ್ 177ರಡಿ ಮೊದಲ ಸಲ 500 ರೂಪಾಯಿವರೆಗೆ. 2019ರಲ್ಲಿ ಸೇರಿಸಿದ 182ಎ(4) ಪ್ರಕಾರ, ಅನುಮತಿ ಇಲ್ಲದ ಬಿಡಿಭಾಗ ಜೋಡಿಸಿ ವಾಹನ ಬದಲಿಸಿದರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಹೆಡ್‌ಲೈಟ್‌ಗಳ ವಿರುದ್ಧ ರಾಜ್ಯದಾದ್ಯಂತ ಪೊಲೀಸರು ವಿಶೇಷ ಕಾರ್ಯಾಚರಣೆ ನಡೆಸಿದ್ದು ನೆನಪಿರಬಹುದು.

ವಿಮೆ ಎಲ್ಲಿ ಕೈಕೊಡುತ್ತದೆ?

ಫುಲ್ ಇನ್ಶೂರೆನ್ಸ್ ಎಂದು ನಾವು ಕರೆಯುವುದು ಎರಡು ವಿಮೆಗಳ ಜೋಡಿ. ಒಂದು ಥರ್ಡ್ ಪಾರ್ಟಿ, ಅದು ಕಡ್ಡಾಯ. ನಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಇದನ್ನು ಕೊಡದೆ ತಪ್ಪಿಸಿಕೊಳ್ಳಲು ವಿಮಾ ಕಂಪನಿಗೆ ಇರುವ ಕಾರಣಗಳನ್ನು ಕಾಯ್ದೆಯ ಸೆಕ್ಷನ್ 150 ಪಟ್ಟಿ ಮಾಡಿದೆ. ಬಲ್ಬ್ ಬದಲಿಸಿದ್ದು ಆ ಪಟ್ಟಿಯಲ್ಲಿಲ್ಲ. ಆದರೆ ಪಾಲಿಸಿ ಮಾಡಿಸುವಾಗ ಮಹತ್ವದ ಸಂಗತಿ ಮುಚ್ಚಿಟ್ಟದ್ದು ಇದೆ. ಅರ್ಜಿಯಲ್ಲಿ "ವಾಹನದಲ್ಲಿ ಏನಾದರೂ ಬದಲಾವಣೆ ಮಾಡಿಸಿದ್ದೀರಾ?" ಎಂದು ಕೇಳಿದಾಗ 'ಇಲ್ಲ' ಎಂದು ಟಿಕ್ ಮಾಡಿ ಮುಂದೆ ಹೋಗುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಇನ್ನೊಂದು ಓನ್ ಡ್ಯಾಮೇಜ್, ನಮ್ಮ ಕಾರಿನ ನಷ್ಟಕ್ಕೆ. ನಾನು ಸಿಕ್ಕಿಬಿದ್ದದ್ದು ಇಲ್ಲೇ. ವಿದ್ಯುತ್ ಭಾಗ ತಾನಾಗಿ ಕೆಟ್ಟರೆ ವಿಮೆ ಇಲ್ಲ ಎಂದು ಪಾಲಿಸಿಯಲ್ಲೇ ಬರೆದಿದೆ. ವಾಹನವನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕನದ್ದು ಎಂಬ ಷರತ್ತೂ ಇದೆ. ಇನ್ನು ಆ ಶೇ 75ರ ಕಥೆ: ಷರತ್ತು ಮುರಿದಿದ್ದರೂ ಕ್ಲೇಮ್ ಪೂರ್ತಿ ತಳ್ಳಿಹಾಕದೆ, ಒಪ್ಪಬಹುದಾದ ಮೊತ್ತದ ಶೇ 75ರವರೆಗೆ ಕೊಡುವ ಪದ್ಧತಿಯನ್ನು 2010ರಲ್ಲಿ ಅಮಲೇಂದು ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅದು ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದ ಪ್ರಕರಣ. ನನಗೆ ಸಿಕ್ಕಿದ್ದು ಅದೇ ಅಳತೆ. ಸೊನ್ನೆ ಸಿಗದಿದ್ದುದೇ ಪುಣ್ಯ.

ಕ್ಲೇಮ್ ಅನ್ಯಾಯವಾಗಿ ತಿರಸ್ಕಾರವಾದರೆ ಸುಮ್ಮನಿರಬೇಕಿಲ್ಲ. ಮೊದಲು ವಿಮಾ ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. ಉತ್ತರ ಸರಿ ಬರದಿದ್ದರೆ, ಅಥವಾ ತಿಂಗಳಾದರೂ ಬರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಾನು ಹೋಗಲಿಲ್ಲ. ತಪ್ಪು ನನ್ನದೇ ಆಗಿತ್ತು.

ಬಲ್ಬ್ ಕೊಳ್ಳುವ ಮೊದಲು

ಇಷ್ಟಕ್ಕೂ ನನ್ನ ಕಾರಿಗೆ ಹೊಸ ಬಲ್ಬ್ ಬೇಕೇ ಇರಲಿಲ್ಲ! ರಿಪೇರಿ ಮಾಡಿದ ಮೆಕ್ಯಾನಿಕ್ ಅಣ್ಣ ಹಳೇ ಹೆಡ್‌ಲೈಟ್ ಎತ್ತಿ ತೋರಿಸಿದರು. ಬಿಸಿಲಿಗೆ ಅದರ ಮುಂದಿನ ಪ್ಲಾಸ್ಟಿಕ್ ಹಳದಿಗಟ್ಟಿ ಮಬ್ಬಾಗಿತ್ತು. "ಪಾಲಿಶ್ ಮಾಡಿಸಿ, ಬೀಮ್ ಸೆಟ್ ಮಾಡಿಸಿದ್ರೆ ಸಾಕಾಗಿತ್ತಲ್ಲೋ ತಮ್ಮಾ" ಅಂದರು. ಹಾಗಾಗಿ ಮೊದಲು ಲೆನ್ಸ್ ಪಾಲಿಶ್, ಬೀಮ್ ಅಲೈನ್‌ಮೆಂಟ್, ಮುಂದಿನ ಗಾಜಿನ ಒಳಮೈ ಒರೆಸುವುದು. ಆದರೆ ಒಮ್ಮೆ ಕಣ್ಣು ಕೂಡ ಪರೀಕ್ಷಿಸಿಕೊಳ್ಳಿ.

ಆಮೇಲೂ ಬೇಕೆನಿಸಿದರೆ ಕಾರಿನ ಕೈಪಿಡಿಯಲ್ಲಿ ಹೇಳಿದ ವ್ಯಾಟ್‌ನ ಒಳ್ಳೆಯ ಬಲ್ಬ್ ತನ್ನಿ. ಬಿಲ್ ಕೇಳಿ ಪಡೆಯಿರಿ. ಬೇರೆ ಲ್ಯಾಂಪ್ ಏನಾದರೂ ಜೋಡಿಸುವುದಿದ್ದರೆ, ಅಂಗಡಿಗೆ ಹೋಗುವ ಮೊದಲು ವಿಮಾ ಕಂಪನಿಗೊಂದು ಇಮೇಲ್ ಹಾಕಿ: "ಇಂಥದ್ದು ಹಾಕಿಸಬೇಕೆಂದಿದ್ದೇನೆ, ಪಾಲಿಸಿಗೆ ಸೇರಿಸುತ್ತೀರಾ?" ಕಾನೂನು ಒಪ್ಪುವ ಹೆಚ್ಚುವರಿ ಎಲೆಕ್ಟ್ರಿಕಲ್ ವಸ್ತುಗಳನ್ನು ವಿಮೆಗೆ ಸೇರಿಸಲು ಐಎಂಟಿ 24 ಎಂಬ ಷರತ್ತೇ ಇದೆ. 2002ರ ಮೋಟಾರು ವಿಮಾ ದರಪಟ್ಟಿಯಲ್ಲಿ ಅದಕ್ಕೆ ಇಟ್ಟದ್ದು ವಸ್ತುವಿನ ಬೆಲೆಯ ಶೇ 4. ಅಂದರೆ 5,000 ರೂಪಾಯಿಯ ವಸ್ತುವಿಗೆ ವರ್ಷಕ್ಕೆ 200 ರೂಪಾಯಿ. 'ಸೇರಿಸುವುದಿಲ್ಲ' ಎಂಬ ಉತ್ತರ ಬಂದರೆ ಅದೂ ಒಳ್ಳೆಯದೇ. ಹಾಕಿಸಬೇಡಿ ಎಂದು ಅರ್ಥ.

ಈಗಲೂ ಅದೇ ಕಾರು, ಅದೇ ದಾರಿ, ಅದೇ ಸೆಕೆಂಡ್ ಶಿಫ್ಟ್. ಹೆಡ್‌ಲೈಟ್ ಒಳಗೆ 60/55ರ ಬಲ್ಬ್. ಎದುರಿನಿಂದ ಗಾಡಿ ಬಂದರೆ ಡಿಪ್ ಮಾಡುತ್ತೇನೆ. ಕೆಲವರು ಅವರೂ ಡಿಪ್ ಮಾಡುತ್ತಾರೆ. ಮೋರಿಯ ಕಟ್ಟೆ ಹತ್ತಿರ ಬಂದಾಗ ಮಾತ್ರ ಕಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತದೆ.